ಹದಿನಾರು ಟನ್ನಿನ ಡಬ್ಬಿ, ಐವತ್ತು ಗ್ರಾಂ ತೂಕ: ಆರು ವರ್ಷ, 31 ಕಿಟ್‌ಗಳ ಅನುಭವ

ಕಳೆದ ಭಾನುವಾರ ಧೂಳು ಒರೆಸೋಣವೆಂದು ಶೆಲ್ಫಿನಿಂದ ನನ್ನ ಮಾದರಿ ರೈಲಿನ ಒಂದು ಮುಚ್ಚಿದ ವ್ಯಾನ್, ಅಂದರೆ ಛಾವಣಿಯಿರುವ ಪುಟ್ಟ ಗೂಡ್ಸ್ ಡಬ್ಬಿ, ಎತ್ತಿಕೊಂಡೆ. ಹಿಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಬೆಳಕಿಗೆ ಹಿಡಿದರೆ ಎರಡೂ ಪಕ್ಕೆ ಉಬ್ಬಿಕೊಂಡಿವೆ, ಮದುವೆ ಊಟ ಮುಗಿಸಿ ಎದ್ದವನ ಹೊಟ್ಟೆಯ ಹಾಗೆ. ಛಾವಣಿಯ ಒಂದು ಮೂಲೆ ಅಂಟು ಬಿಟ್ಟು ಮೇಲೆದ್ದಿದೆ, ಆ ಸಂದಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ನಾಲ್ಕು ವರ್ಷದ ಹಿಂದೆ ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ತಂದು ನಾನೇ ಕಟ್ಟಿದ ಡಬ್ಬಿ ಅದು. ಎಷ್ಟು ನೇರವಾಗಿ ಬಂದಿದೆ ನೋಡು ಅಂತ ಫೋಟೊ ತೆಗೆದು ತಮ್ಮನಿಗೆ ಕಳಿಸಿದ್ದೆ ಬೇರೆ.

ತಪ್ಪು ಕಿಟ್‌ನದಲ್ಲ, ನನ್ನದು. ತೂಕ ಬರಲಿ ಅಂತ ಒಳಗೆ ಸೀಸದ ಕಾಳು ಸುರಿದು, ಅವು ಅಲ್ಲಾಡದಿರಲಿ ಅಂತ ಮಕ್ಕಳು ಕ್ರಾಫ್ಟ್‌ಗೆ ಬಳಸುವ ಬಿಳಿ ಪಿವಿಎ ಅಂಟು ಹುಯ್ದಿದ್ದೆ. ಅಂಟಿನ ಆಮ್ಲ, ತೇವ, ಗಾಳಿ ಮೂರೂ ಸೇರಿ ಸೀಸವನ್ನು ನಿಧಾನವಾಗಿ ಸೀಸದ ಕಾರ್ಬೊನೇಟ್ ಮಾಡಿಬಿಡುತ್ತವೆ. ಅದಕ್ಕೆ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆ ಅದನ್ನು ಎಷ್ಟು ದಿನ ತಡೆದೀತು? ಈ ಹವ್ಯಾಸದ ಹಳಬರಿಗೆಲ್ಲ ಇದು ಗೊತ್ತು. ಆದರೆ ಕಿಟ್ ಕೊಂಡ ವಾರವೇ ಬರೆಯುವ ವಿಮರ್ಶೆಯಲ್ಲಿ ಇದು ಎಲ್ಲಿಂದ ಬರಬೇಕು? ಆರು ವರ್ಷ ಬಳಸಿದವನ ಮಾತು ಅಂತ ಇದನ್ನು ಓದಿಕೊಳ್ಳಿ.

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಹುಟ್ಟಿದ್ದು ಅರಸೀಕೆರೆ, ಮೀಟರ್ ಗೇಜಿನ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ನಿಂತು ಸ್ಕೂಲಿಗೆ ತಡವಾಗಿ ಹೋಗಿ ಬೈಸಿಕೊಂಡವನು. ಇಲ್ಲಿಗೆ ಬಂದ ಮೇಲೆ ಕೈಗೆ ಸಿಕ್ಕಿದ್ದು ಇಲ್ಲಿನ ಡಬ್ಬಿಗಳು, ಅದೂ 4 ಮಿ.ಮೀ. ಅಳತೆಯವು. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 4 ಮಿ.ಮೀ., ಅಂದರೆ 76ರಲ್ಲಿ ಒಂದು ಪಾಲು. ಓಓ ಅನ್ನುತ್ತಾರೆ. 31ರಲ್ಲಿ 19 ಡಬ್ಬಿ ಬ್ರಿಟಿಷ್ ರೈಲ್ವೇಸ್‌ನ 16 ಟನ್ ಮಿನರಲ್ ವ್ಯಾಗನ್, ಅಂದರೆ ಕಲ್ಲಿದ್ದಲು ತುಂಬುವ ತೆರೆದ ಡಬ್ಬಿ. ಉಳಿದವು ಮುಚ್ಚಿದ ವ್ಯಾನ್‌ಗಳು, ಮೂರು ಬ್ರೇಕ್ ವ್ಯಾನ್, ಎರಡು ಟ್ಯಾಂಕರ್.

ಒಂದೇ ಥರದ್ದು ಹತ್ತೊಂಬತ್ತು ಯಾಕೆ ಅಂತ ಮನೆಯಲ್ಲೂ ಕೇಳಿದ್ದುಂಟು. ನಿಜವಾದ ಹಳಿಯ ಮೇಲೂ ಹಾಗೇ ಇತ್ತಲ್ಲ! 1948ರಲ್ಲಿ ಇಲ್ಲಿನ ರೈಲ್ವೆ ರಾಷ್ಟ್ರೀಕರಣವಾದಾಗ ಗಣಿಯವರ, ವ್ಯಾಪಾರಿಗಳ ಖಾಸಗಿ ಮರದ ಡಬ್ಬಿಗಳು ಲಕ್ಷಗಟ್ಟಲೆ ಸರ್ಕಾರದ ತಲೆಗೆ ಬಂದವು. ಅವುಗಳ ಜಾಗಕ್ಕೆ ಉಕ್ಕಿನ 16 ಟನ್ ಡಬ್ಬಿ ಕಟ್ಟುತ್ತ ಹೋದರು. ಡಯಾಗ್ರಾಂ 1/108 ಎಂಬ ಒಂದೇ ನಕ್ಷೆಯಲ್ಲಿ ಸುಮಾರು 2 ಲಕ್ಷ. ಈ ತುದಿಯ ತೊಲೆಯಿಂದ ಆ ತುದಿಯ ತೊಲೆಗೆ 16 ಅಡಿ 6 ಇಂಚು, ಎರಡು ಆಕ್ಸಲ್ ನಡುವೆ 9 ಅಡಿ. ಮಾದರಿಯಲ್ಲಿ ಅದು 66 ಮತ್ತು 36 ಮಿ.ಮೀ.; ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ. ಬಹುಪಾಲು ಡಬ್ಬಿಗಳಿಗೆ ಎಂಜಿನ್ನಿನಿಂದ ಹಾಕುವ ಬ್ರೇಕೇ ಇರಲಿಲ್ಲ. ಕೈಬ್ರೇಕ್ ಮಾತ್ರ, ಗಾಡಿಯ ಕೊನೆಗೆ ಗಾರ್ಡಿನ ಬ್ರೇಕ್ ವ್ಯಾನ್, ನಡುವೆ ಸಡಿಲವಾದ ಮೂರು ಕೊಂಡಿಯ ಸರಪಳಿ.

ಈ ಕಿಟ್‌ಗಳನ್ನು ಮಾಡುವವರು ದೊಡ್ಡ ಕಂಪನಿಗಳೇನಲ್ಲ, ಬಹುಪಾಲು ಸಣ್ಣ ಮನೆತನದ ವ್ಯವಹಾರ. ಹೆಸರುವಾಸಿಯಾದ ಪಾರ್ಕ್‌ಸೈಡ್ ಕಿಟ್‌ಗಳು ಈಗ ಡೆವನ್‌ನ ಬಿಯರ್ ಎಂಬ ಕಡಲೂರಿನ ಪೀಕೊ ಸಂಸ್ಥೆಯ ಕೈಲಿವೆ. ಹಳೆಯ ಏರ್‌ಫಿಕ್ಸ್ ಕಂಪನಿಯ ಡಬ್ಬಿಗಳ ಅಚ್ಚು ಡಾಪೋಲ್ ಅನ್ನುವ ಇನ್ನೊಂದು ಕಂಪನಿಯ ಪಾಲಾಗಿದೆ. ನಾನು ಐದಾರು ಕಡೆಯವನ್ನು ಕಟ್ಟಿದ್ದೇನೆ. ಯಾರದು ಮೇಲು ಅನ್ನುವ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಅಚ್ಚು ಹಳೆಯದಾದರೆ ಅಂಚಿನಲ್ಲಿ ಪೊರೆಯಂಥ ಪ್ಲಾಸ್ಟಿಕ್ ಜಾಸ್ತಿ ಇರುತ್ತದೆ, ಬ್ಲೇಡಿನಿಂದ ಹೆರೆಯಬೇಕು, ಅಷ್ಟೇ. ಡಬ್ಬಿ ಓಡುತ್ತದೋ ಇಲ್ಲವೋ ಅನ್ನುವುದು ನಿರ್ಧಾರವಾಗುವುದು ಬೇರೆ ಕಡೆ: ಮೊದಲ ಅರ್ಧ ಗಂಟೆಯಲ್ಲಿ, ಅಡಿಭಾಗ ಅಂಟಿಸುವಾಗ.

ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಡಬ್ಬಿಯ ಕೆಳಗೆ ಉದ್ದಕ್ಕೆ ಎರಡು ಅಡಿತೊಲೆ, ಸೋಲ್‌ಬಾರ್ ಅಂತ ಕರೆಯುತ್ತಾರೆ. ಸ್ಪ್ರಿಂಗು, ಆಕ್ಸಲ್ ಪೆಟ್ಟಿಗೆ ಎಲ್ಲ ಅದರ ಮೇಲೇ ಅಚ್ಚಾಗಿರುತ್ತದೆ. ಆಕ್ಸಲ್ 26 ಮಿ.ಮೀ. ಉದ್ದ, ಎರಡು ತುದಿಯೂ ಸೂಜಿಮೊನೆ. ಆ ಮೊನೆ ಕೂರುವುದು ಹಿತ್ತಾಳೆಯ ಪುಟ್ಟ ಟೋಪಿಯಂಥ ಬೇರಿಂಗಿನಲ್ಲಿ. ಅದಕ್ಕೆ 2 ಮಿ.ಮೀ. ತೂತು ಬೇಕು, ಆಳ ಒಂದಿಷ್ಟೂ ಕಮ್ಮಿಯಾಗಬಾರದು. ಸೋಲ್‌ಬಾರ್ ಕಾಲು ಮಿಲಿಮೀಟರ್ ಒಳಗೆ ಬಂದರೆ ಚಕ್ರ ಬಿಗಿ, ಹೊರಗೆ ಹೋದರೆ ಆಕ್ಸಲ್ ಉದುರಿ ಕಾರ್ಪೆಟ್ ಪಾಲು. ಕೆಲವು ಸೂಚನಾ ಹಾಳೆಗಳಲ್ಲಿ ಎರಡೂ ಸೋಲ್‌ಬಾರ್ ಅಂಟಿಸಿ ಒಣಗಿಸಿ, ಆಮೇಲೆ ಚಕ್ರ ತೂರಿಸಿ ಅಂತಿರುತ್ತದೆ. ದಯವಿಟ್ಟು ಬೇಡ. ಒಂದನ್ನು ಅಂಟಿಸಿ ರಾತ್ರಿಯೆಲ್ಲ ಬಿಡಿ. ಮರುದಿನ ಚಕ್ರಗಳನ್ನು ಕೂರಿಸಿಕೊಂಡೇ ಎರಡನೆಯದನ್ನು ಹಚ್ಚಿ, ಅಂಟು ಇನ್ನೂ ಹಸಿಯಿರುವಾಗಲೇ ಕನ್ನಡಿಯ ಮೇಲೆ ನಿಲ್ಲಿಸಿ. ಕನ್ನಡಿಯಷ್ಟು ಸಪಾಟಾದ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಮೂಲೆಯಿಂದ ಮೂಲೆಗೆ ಬೆರಳಲ್ಲಿ ಮೆಲ್ಲಗೆ ಒತ್ತಿ. ಟಕ್ ಅಂದರೆ ಒಂದು ಚಕ್ರ ಗಾಳಿಯಲ್ಲಿದೆ. ಸದ್ದು ನಿಲ್ಲುವವರೆಗೆ ತಿರುಚಿ, ಮೇಲೆ ನಾಲ್ಕು ನಾಣ್ಯ ಹೇರಿ, ಎದ್ದು ಹೋಗಿ ಕಾಫಿ ಕುಡಿಯಿರಿ. ಕೂತರೆ ಕೈ ಸುಮ್ಮನಿರುವುದಿಲ್ಲ.

ಅಂಟು ಅಂದೆ, ನಿಜಕ್ಕೂ ಅದು ನೀರಿನಂಥ ದ್ರಾವಕ. ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ತಾನೇ ಒಳಗೆ ಓಡಿ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ವಾಸನೆ ಘಾಟು, ಕಿಟಕಿ ತೆಗೆದೇ ಕೆಲಸ ಮಾಡಬೇಕು. ಜನವರಿಯಲ್ಲಿ ಇಲ್ಲಿ ಕಿಟಕಿ ತೆಗೆದು ಕೂತವನಿಗೆ ಅದರ ಕಷ್ಟ ಗೊತ್ತು. ಟ್ಯಾಂಕರ್ ಕಟ್ಟುವವರು ತಳದಲ್ಲಿ ಕಣ್ಣಿಗೆ ಬೀಳದ ಕಡೆ ಒಂದು ತೂತು ಕೊರೆದಿಡಿ. ಒಳಗೆ ಸಿಕ್ಕಿಕೊಂಡ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ನನ್ನ ಮೊದಲ ಟ್ಯಾಂಕರಿನ ಹೊಟ್ಟೆ ಒಂದು ಕಡೆ ಒಳಗೆ ಸೊಟ್ಟಗಾಗಿದೆ. ಮಾಲು ಸಾಗಿಸುವಾಗ ಪೆಟ್ಟು ತಿಂದದ್ದು ಅಂತ ನೋಡಲು ಬಂದವರಿಗೆ ಹೇಳುತ್ತೇನೆ.

ಇನ್ನು ಬ್ರೇಕ್. ಹೊಸಬರು ಹೆಚ್ಚು ತಲೆ ಕೆಡಿಸಿಕೊಳ್ಳುವ ಭಾಗ ಇದು. ಈ ಡಬ್ಬಿಗಳಲ್ಲಿ ಹಲವಕ್ಕೆ ಮಾರ್ಟನ್ ಅನ್ನುವ ಬ್ರೇಕ್. ಚಕ್ರಕ್ಕೆ ಒತ್ತುವ ಬ್ರೇಕ್ ಕಟ್ಟೆ (ಬ್ರೇಕ್ ಬ್ಲಾಕ್) ಒಂದು ಬದಿಯ ಚಕ್ರಗಳಿಗೆ ಮಾತ್ರ, ಆದರೆ ಕೈಹಿಡಿ ಎರಡೂ ಬದಿಗೆ, ಯಾವ ಬದಿಯಿಂದ ನೋಡಿದರೂ ನಿಮ್ಮ ಬಲಗೈ ತುದಿಗೆ. ಎರಡನ್ನೂ ಜೋಡಿಸುವುದು ಅಡ್ಡಕ್ಕೆ ಹಾದ ಒಂದು ಸಲಾಕೆ. ಈಗ ಯೋಚಿಸಿ: ಈ ಬದಿ ನಿಂತು ಕೈಹಿಡಿ ಒತ್ತಿದರೆ ಸಲಾಕೆ ಒಂದು ಕಡೆ ತಿರುಗುತ್ತದೆ, ಆ ಬದಿ ನಿಂತು ಒತ್ತಿದರೆ ಉಲ್ಟಾ. ಅದನ್ನು ಸರಿಮಾಡಲು ಒಂದು ಬದಿಯಲ್ಲಿ ಹಲ್ಲಿನಂಥ ಪುಟ್ಟ ಕ್ಲಚ್ ಇರುತ್ತದೆ. ಕಿಟ್‌ನಲ್ಲಿ ಅದು ಎಳ್ಳಿನಷ್ಟು ದೊಡ್ಡ ತುಂಡು, ಯಾವ ಬದಿಗೆ ಅಂತ ಚಿತ್ರದಲ್ಲಿ ಕಾಣುವುದೇ ಇಲ್ಲ. ಮೇಲಿನ ಕಾರಣ ತಿಳಿದ ಮೇಲೆ ನಾನು ಚಿತ್ರ ನೋಡುವುದನ್ನೇ ಬಿಟ್ಟೆ.

ಬ್ರೇಕ್ ಕಟ್ಟೆ ಚಕ್ರದ ನೇರಕ್ಕೆ ಬರದಿದ್ದರೆ ಗಾಬರಿ ಬೇಡ. 4 ಮಿ.ಮೀ. ಅಳತೆಗೆ ಇಲ್ಲಿನ ಹಳಿಯ ಅಗಲ 18.83 ಮಿ.ಮೀ. ಇರಬೇಕಿತ್ತು, ಓಓದಲ್ಲಿ ಇರುವುದು 16.5. ಮೇಲಿನ ಡಬ್ಬಿಗೆ ಒಂದು ಲೆಕ್ಕ, ಕೆಳಗಿನ ಹಳಿಗೆ ಇನ್ನೊಂದು. ಹಾಗಾಗಿ ಚಕ್ರ ಒಳಗೆ, ಬ್ರೇಕ್ ಹೊರಗೆ. ಮೊದಲ ಎಂಟು ಡಬ್ಬಿಗಳಲ್ಲಿ ನಾನಿದನ್ನು ಹಾಗೇ ಬಿಟ್ಟೆ. ಆಮೇಲೆ ಕಟ್ಟೆಯನ್ನು ಕತ್ತರಿಸಿ, ಒಂದು ಮಿಲಿಮೀಟರಿನ ಪ್ಲಾಸ್ಟಿಕ್ ಚೂರು ನಡುವೆ ಕೊಟ್ಟು ಒಳಗೆ ತರುವುದನ್ನು ಕಲಿತೆ. ಹತ್ತು ನಿಮಿಷದ ಕೆಲಸ. ಒಮ್ಮೆ ಮಾಡಿದಿರೋ, ಮಾಡದ ಡಬ್ಬಿ ಕಣ್ಣಿಗೆ ಚುಚ್ಚುತ್ತಲೇ ಇರುತ್ತದೆ.

ಬಣ್ಣದ ಬಗ್ಗೆ ಹೆಚ್ಚೇನಿಲ್ಲ. ಕೈಬ್ರೇಕಿನ ಡಬ್ಬಿಗೆ ಬೂದು, ಎಂಜಿನ್ನಿನಿಂದ ಹಾಕುವ ವ್ಯಾಕ್ಯೂಮ್ ಬ್ರೇಕ್ ಇದ್ದದ್ದಕ್ಕೆ ಕಾವಿಗೆ ಹತ್ತಿರದ ಬಾಕ್ಸೈಟ್ ಬಣ್ಣ. ತುಕ್ಕನ್ನು ಸ್ಪಂಜಿನ ಚೂರಿನಿಂದ ತಟ್ಟಿ, ಕುಂಚ ಬೇಡ. ಆದರೆ ಬಿಳಿ ಪಟ್ಟೆಯ ಕಥೆ ಹೇಳಲೇಬೇಕು. ಮಿನರಲ್ ಡಬ್ಬಿಯ ಒಂದು ತುದಿಯಲ್ಲಿ ಬಾಗಿಲಿರುತ್ತದೆ. ಬಂದರಿನಲ್ಲಿ ಡಬ್ಬಿಯನ್ನೇ ಎತ್ತಿ ಓರೆ ಮಾಡಿ ಆ ಬಾಗಿಲಿಂದ ಕಲ್ಲಿದ್ದಲು ಸುರಿಯುತ್ತಿದ್ದರು. ಬಾಗಿಲು ಯಾವ ತುದಿಗೆ ಅಂತ ದೂರದಿಂದಲೇ ತಿಳಿಯಲೆಂದು ಪಕ್ಕದಲ್ಲಿ ಓರೆಯಾದ ಬಿಳಿ ಪಟ್ಟೆ, ಅದು ಬಾಗಿಲಿನ ತುದಿಯ ಕಡೆಗೆ ಏರುತ್ತದೆ. ಅಂದರೆ ಎರಡು ಬದಿಯ ಪಟ್ಟೆಗಳು ಒಂದಕ್ಕೊಂದು ಕನ್ನಡಿಯ ಬಿಂಬ. ನಾನು ಮೂರು ಡಬ್ಬಿಗೆ ಎರಡೂ ಬದಿ ಒಂದೇ ಥರ ಎಳೆದಿದ್ದೆ. ಇಲ್ಲಿನ ಕ್ಲಬ್ಬಿನಲ್ಲಿ ನಿವೃತ್ತ ರೈಲ್ವೆಯವರೊಬ್ಬರು ಅದರಲ್ಲೊಂದನ್ನು ಕೈಯಲ್ಲಿ ತಿರುಗಿಸಿ, ಈ ಬದಿ ನೋಡಿ, ಆ ಬದಿ ನೋಡಿ, "ಪಾಪ, ಇದನ್ನು ಖಾಲಿ ಮಾಡುವವನು ಎಲ್ಲಿ ನಿಲ್ಲಬೇಕು?" ಅಂತ ಕೇಳಿದರು. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಮೂರನ್ನು ಸರಿಮಾಡಿಲ್ಲ. ಗೋಡೆಯ ಪಕ್ಕದ ಹಳಿಯ ಮೇಲೆ ನಿಲ್ಲಿಸಿದರೆ ಒಂದು ಬದಿ ಯಾರಿಗೂ ಕಾಣುವುದಿಲ್ಲ.

ತೂಕ. ಪ್ಲಾಸ್ಟಿಕ್ ಡಬ್ಬಿ ಹಾಗೇ ಬಿಟ್ಟರೆ ಇಪ್ಪತ್ತು ಗ್ರಾಂ ಚಿಲ್ಲರೆ. ತಿರುವಿನಲ್ಲಿ ಎಂಜಿನ್ ಎಳೆದ ಕೂಡಲೇ ಮಗುಚುತ್ತದೆ. ಆಕ್ಸಲ್ಲಿಗೆ 25 ಗ್ರಾಂ, ಡಬ್ಬಿಗೆ 50 ಗ್ರಾಂ ಅನ್ನುವ ಲೆಕ್ಕ ಇಲ್ಲಿ ಹಲವರು ಪಾಲಿಸುತ್ತಾರೆ, ನನಗೂ ಅದು ಸರಿ ಬಂದಿದೆ. ವ್ಯಾನಿನ ಒಳಗೆ ಏನನ್ನಾದರೂ ಬಚ್ಚಿಡಬಹುದು. ತೊಂದರೆ ಇರುವುದು ಖಾಲಿ ಮಿನರಲ್ ಡಬ್ಬಿಗೆ. ಎಲ್ಲ ಬಟಾಬಯಲು. ನೆಲದ ಕೆಳಗೆ ಬ್ರೇಕ್ ಸಲಾಕೆಗಳ ನಡುವೆ ಸೀಸದ ಹಾಳೆಯ ಚೂರುಗಳನ್ನು ಎಪಾಕ್ಸಿ ಅಂಟು ಹಾಕಿ ಕೂರಿಸುತ್ತೇನೆ, ಆದರೂ 40 ದಾಟುವುದು ಕಷ್ಟ. ಹಾಗಾಗಿ ನನ್ನ ಹತ್ತೊಂಬತ್ತರಲ್ಲಿ ಹದಿಮೂರು ತುಂಬಿದ ಡಬ್ಬಿಗಳೇ.

ತುಂಬಿದ್ದು ನಿಜವಾದ ಕಲ್ಲಿದ್ದಲು. ಉಗಿಬಂಡಿ ಓಡಿಸುವ ಇಲ್ಲಿನ ಪಾರಂಪರಿಕ ರೈಲಿನ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಬಿದ್ದಿದ್ದ ಒಂದು ಉಂಡೆಯನ್ನು ಅಲ್ಲಿನವರನ್ನು ಕೇಳಿ ತಂದೆ. ಮನೆಯಲ್ಲಿ ಊರಿಂದ ತಂದ ಕಲ್ಲಿನ ಕುಟ್ಟಾಣಿ ಇತ್ತು. ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿದರೆ ಮೇಲೆ ಉಳಿದ ಕಾಳು ಅಳತೆಗೆ ಸರಿಯಾಗಿತ್ತು, ಮಿರಮಿರ ಹೊಳೆಯುತ್ತಿತ್ತು. ಸಿಂಕಿನಲ್ಲಿ ಕುಟ್ಟಾಣಿ ನೋಡಿದ ನಮ್ಮವಳು, "ರೀ, ನಾಳೆ ಇದರಲ್ಲೇ ಶುಂಠಿ ಜಜ್ಜಿ ಕೊಡ್ಲಾ ನಿಮಗೆ?" ಅಂದಳು. ಈಗ ಆ ಕುಟ್ಟಾಣಿ ನನ್ನದು, ಜರಡಿಯೂ. ಮನೆಗೆ ಹೊಸದು ಬಂತು. ಡಬ್ಬಿಯ ಖರ್ಚಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಕೆಲಸಕ್ಕೆ ಹೋಗುವಾಗ ರೈಲು ಈಸ್ಟ್ ಮಿಡ್‌ಲ್ಯಾಂಡ್ಸ್ ಪಾರ್ಕ್‌ವೇ ನಿಲ್ದಾಣದಲ್ಲಿ ನಿಂತರೆ ಕಿಟಕಿ ತುಂಬ ರಾಟ್‌ಕ್ಲಿಫ್ ವಿದ್ಯುತ್ ಸ್ಥಾವರದ ಎಂಟು ಕೂಲಿಂಗ್ ಟವರ್. ಈ ದೇಶದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಮಾಡುತ್ತಿದ್ದ ಕೊನೆಯ ಸ್ಥಾವರ, 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಆಳದ ಗಣಿಗಳಲ್ಲಿ ಕೊನೆಯದಾದ ಕೆಲಿಂಗ್ಲಿ 2015ರಲ್ಲೇ ಮುಚ್ಚಿತ್ತು. ನನ್ನ ಶೆಲ್ಫಿನ ಮೇಲೆ ಮಾತ್ರ ಕಲ್ಲಿದ್ದಲು ಹೊತ್ತ ಹದಿಮೂರು ಡಬ್ಬಿ ಪ್ರತಿ ಸಂಜೆ ಎಂಟು ಅಡಿ ಹೋಗಿ ಎಂಟು ಅಡಿ ಬರುತ್ತಿವೆ.

ದೂರು ಒಂದೇ ಒಂದು. ಒಬ್ಬ ತಯಾರಕರ ಪೆಟ್ಟಿಗೆಯಲ್ಲಿ ಎಡ ಸೋಲ್‌ಬಾರ್ ಎರಡಿದ್ದವು, ಬಲದ್ದು ಇರಲಿಲ್ಲ. ಬರೆದೆ. ಮೂರು ವಾರ ಉತ್ತರವಿಲ್ಲ. ಮತ್ತೆ ಬರೆದ ಮೇಲೆ ಲಕೋಟೆಯಲ್ಲಿ ಬಂದದ್ದು ಇನ್ನೊಂದು ಎಡ ಸೋಲ್‌ಬಾರ್! ನಗಬೇಕೋ ಅಳಬೇಕೋ. ಆ ಡಬ್ಬಿ ಇನ್ನೂ ಪೆಟ್ಟಿಗೆಯಲ್ಲೇ ಇದೆ, 31ರ ಲೆಕ್ಕದಲ್ಲಿಲ್ಲ.

ಬೆಲೆಗೆ ತಕ್ಕದ್ದೇ ಅಂತ ಕೇಳುವವರಿಗೆ: ಸಿದ್ಧ ಡಬ್ಬಿಗಳು ಈಗ ತುಂಬ ಚೆನ್ನಾಗಿ ಬರುತ್ತಿವೆ. ಕಿಟ್, ಬಣ್ಣ, ಅಕ್ಷರದ ಟ್ರಾನ್ಸ್‌ಫರ್, ಸೀಸ ಎಲ್ಲ ಕೂಡಿಸಿದರೆ ದುಡ್ಡಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಕೆಲವು ಕಿಟ್‌ಗಳಲ್ಲಿ ಪ್ಲಾಸ್ಟಿಕ್ ಚಕ್ರ ಬರುತ್ತದೆ. ಅದು ಹಳಿಗೆ ಕೊಳೆ ಮೆತ್ತುತ್ತದೆ, ಲೋಹದ ಚಕ್ರಕ್ಕೆ ಬೇರೆ ದುಡ್ಡು ಇಟ್ಟುಕೊಳ್ಳಿ. ಕಪ್ಲಿಂಗ್ ಕೊಕ್ಕೆಗಳಲ್ಲಿ ಆರು ವರ್ಷಕ್ಕೆ ಐದು ಮುರಿದಿವೆ, ಬದಲಿಸಿದೆ. ಹಳಿ ತಪ್ಪುವುದು ಈಗಲೂ ಮೊದಲ ನಾಲ್ಕು ಡಬ್ಬಿಗಳೇ, ಕನ್ನಡಿ ತರುವ ಮುಂಚೆ ಕಟ್ಟಿದವು. ಆಮೇಲಿನವು ತಪ್ಪಿದ್ದೇ ಇಲ್ಲ. ಕಟ್ಟುವುದರಲ್ಲೇ ಖುಷಿ ಇರುವವರು ಕೊಳ್ಳಿ, ಓಡಿಸುವುದಷ್ಟೇ ಬೇಕಾದವರು ಸಿದ್ಧ ಡಬ್ಬಿ ತನ್ನಿ.

ಉಬ್ಬಿದ ವ್ಯಾನಿನ ಛಾವಣಿಯನ್ನು ಮಾಸ್ಕು, ಕೈಗವಸು ಹಾಕಿಕೊಂಡೇ ಬಿಚ್ಚಿದೆ. ಆ ಬಿಳಿ ಪುಡಿ ವಿಷ. ಸೀಸವನ್ನೆಲ್ಲ ಒಡೆದು ತೆಗೆದು, ಆ ಜಾಗಕ್ಕೆ ಉಕ್ಕಿನ ನಟ್‌ಗಳನ್ನು ಎಪಾಕ್ಸಿಯಲ್ಲಿ ಕೂರಿಸಿದೆ. ಗೋಡೆ ಮಾತ್ರ ಮೊದಲಿನಂತೆ ನೇರವಾಗಲಿಲ್ಲ. ಡೈರಿ ತೆಗೆದು ನೋಡಿದರೆ ಅದೇ ತಿಂಗಳು, ಅದೇ ಬಾಟಲಿಯ ಅಂಟಿನಿಂದ, ಇನ್ನೂ ನಾಲ್ಕು ವ್ಯಾನ್ ಕಟ್ಟಿದ್ದೇನೆ. ಅವು ಸಾಲಾಗಿ ಎದುರಿಗೇ ನಿಂತಿವೆ. ದಿನಾ ಹೋಗಿ ಪಕ್ಕೆಯ ಮೇಲೆ ಸ್ಕೇಲ್ ಇಟ್ಟು ನೋಡಿ ಬರುತ್ತಿದ್ದೇನೆ, ಬಿಚ್ಚಲು ಇನ್ನೂ ಮನಸ್ಸು ಬಂದಿಲ್ಲ.