ಒಂದೇ ಗೋಡೆ, ಮೂರು ಗೆರೆ: ಪೆನ್ಸಿಲ್, ಬಾಲ್ ಪೆನ್, ಫೈನ್‌ಲೈನರ್

ಸ್ಕೆಚ್‌ಬುಕ್ಕಿಗೆ ಯಾವುದು ಒಳ್ಳೆಯದು ಅಂತ ಅಂಗಡಿಯಲ್ಲಿ ಕೇಳಿದರೆ ದುಬಾರಿಯದನ್ನೇ ಕೈಗಿಡುತ್ತಾರೆ. ಅದಕ್ಕೇ ಸೋಮನಾಥಪುರದ ಕೇಶವ ದೇವಾಲಯದ ಒಂದೇ ಮೂಲೆಯನ್ನು ಮೂರರಲ್ಲೂ ಬಿಡಿಸಿ ನೋಡಿದೆ: ಮೆತ್ತಗಿನ, ಕಡುಗಪ್ಪು ಗೆರೆಯ 6ಬಿ ಪೆನ್ಸಿಲ್, ಮಾಮೂಲಿ ನೀಲಿ ಬಾಲ್ ಪೆನ್, ಸಣ್ಣ ನಾರಿನ ಮೊನೆಯಿಂದ 0.25 ಮಿ.ಮೀ. ಗೆರೆ ಎಳೆಯುವ ಫೈನ್‌ಲೈನರ್. 1258ರ ಹೊಯ್ಸಳ ಗುಡಿ ಅದು. ಗರ್ಭಗುಡಿಗಳ ಹೊರಗೋಡೆ ನಕ್ಷತ್ರದ ಹಾಗೆ ಮೂಲೆಮೂಲೆಗೂ ಮುರಿದು ತಿರುಗುತ್ತದೆ. ಹಾಗಾಗಿ ಬಿಸಿಲು ನೆರಳು ಪಟ್ಟಿಪಟ್ಟಿಯಾಗಿ ಬೀಳುತ್ತವೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ. ಗೆರೆಗೂ ಪರೀಕ್ಷೆ, ನೆರಳಿಗೂ ಪರೀಕ್ಷೆ.

ನೆರಳಿನಲ್ಲಿ ಪೆನ್ಸಿಲ್ಲನ್ನು ಮೀರಿಸುವುದು ಕಷ್ಟ. 6ಬಿಯಲ್ಲಿ ಜೇಡಿ ಕಡಿಮೆ, ಗ್ರಾಫೈಟ್ ಜಾಸ್ತಿ. ಮೊನೆಯನ್ನು ಮಲಗಿಸಿ ಎಳೆದರೆ ಗುಡಿಯ ಬಳಪದ ಕಲ್ಲಿನ ಆ ನುಣುಪು ಹಾಗೇ ಇಳಿಯುತ್ತದೆ. ಆದರೆ ಮೊನೆ ಬೇಗ ಮೊಂಡಾಗುತ್ತದೆ. ಆನೆಯ ಕೊರಳ ಸರ, ಸೊಂಡಿಲು ಎಲ್ಲ ಒಂದೇ ಮಸಿಯಾಗಿ ಕೂಡಿಕೊಂಡವು. ಪುಸ್ತಕ ಮುಚ್ಚಿದರೆ ಎದುರು ಪುಟಕ್ಕೂ ಮೆತ್ತುತ್ತದೆ. ಇನ್ನು ರಬ್ಬರ್. ಕೈಯಲ್ಲಿದ್ದರೆ ಅಳಿಸದೇ ಇರೋಕಾಗಲ್ಲ, ಅಲ್ವಾ? ಒಂದು ಸೊಂಡಿಲನ್ನು ಅಳಿಸಿ ತಿದ್ದುವಷ್ಟರಲ್ಲಿ ಗೋಡೆಯ ಮೇಲಿನ ನೆರಳೇ ಜಾಗ ಬದಲಿಸಿರುತ್ತದೆ.

ಫೈನ್‌ಲೈನರ್‌ನಲ್ಲಿ ಆನೆಗಳು ಚೊಕ್ಕವಾಗಿ ಬಂದವು, ಸವಾರರ ಕಡಿವಾಣ ಕೂಡ ಕಾಣುತ್ತಿತ್ತು. ಆದರೆ ಎಷ್ಟು ಒತ್ತಿದರೂ ಗೆರೆಯ ದಪ್ಪ ಅಷ್ಟೇ. ಜೋರಾಗಿ ಒತ್ತಿದರೆ ನಿಬ್ಬೇ ಒಳಗೆ ಕೂರುತ್ತದೆ. ಗೋಡೆಯ ಆಳ ಹೋಗಿ, ಮಕ್ಕಳ ಬಣ್ಣ ತುಂಬುವ ಪುಸ್ತಕದ ಪುಟದಂತೆ ಕಂಡಿತು. ಅದರ ನಿಜವಾದ ಬಲ ಬೇರೆ ಕಡೆ ಇದೆ. ಪಿಗ್ಮೆಂಟ್ ಇಂಕಿನದಾದರೆ (ಬಣ್ಣದ ನುಣ್ಣನೆ ಪುಡಿ ಬೆರೆಸಿದ ಇಂಕು) ಒಣಗಿದ ಮೇಲೆ ನೀರಿಗೆ ಕದಲುವುದಿಲ್ಲ. ಜಲವರ್ಣ ಹಚ್ಚುವವರಿಗೆ ಇದೇ ಸರಿ.

ನನ್ನ ಓಟು ಬಾಲ್ ಪೆನ್ನಿಗೆ. ಇದರ ಇಂಕು ಎಣ್ಣೆ ಬೆರೆತ ಗಟ್ಟಿ ಇಂಕು. ಕೈ ಹಗುರ ಮಾಡಿದರೆ ಗೆರೆ ಮಸುಕು, ಒತ್ತಿದರೆ ಕಡುನೀಲಿ. ಜೆಲ್ ಪೆನ್ನಿನಲ್ಲಿ ಈ ಆಟ ನಡೆಯಲ್ಲ, ಅದು ಒಂದೇ ಸಮ ಹರಿಯುತ್ತದೆ. ಮೊದಲು ಮುಟ್ಟಿಯೂ ಮುಟ್ಟದ ಹಾಗೆ ಆನೆಗಳ ಬೆನ್ನಿನ ಸಾಲು ಗುರುತು ಹಾಕಿಕೊಂಡೆ. ತಪ್ಪು ಗೆರೆಯ ಪಕ್ಕದಲ್ಲೇ ಸರಿ ಗೆರೆ ಎಳೆದು ಅದನ್ನೇ ಒತ್ತಿದೆ. ನೆರಳಿಗೆ ಅಡ್ಡಗೆರೆಯ ಮೇಲೆ ಓರೆಗೆರೆ. ಅಳಿಸೋ ಮಾತೇ ಇಲ್ಲದ್ದರಿಂದ ಕಣ್ಣು ಗೋಡೆಯ ಮೇಲೇ ಇರುತ್ತದೆ, ಕೈ ನಿಲ್ಲುವುದಿಲ್ಲ. ತುದಿಯಲ್ಲಿ ಇಂಕು ಗಂಟು ಕಟ್ಟುವುದೊಂದು ಕಾಟ. ಪಕ್ಕದಲ್ಲಿ ಹಳೇ ಬಟ್ಟೆಚೂರು ಇಟ್ಟುಕೊಂಡು ಆಗಾಗ ಒರೆಸಿದರಾಯಿತು.

ಹಾಳೆಯ ವಿಷಯದಲ್ಲೂ ಬಾಲ್ ಪೆನ್ ಹಟ ಮಾಡುವುದಿಲ್ಲ. ಜೆರಾಕ್ಸ್ ಹಾಳೆಯಲ್ಲೂ ನಡೆಯುತ್ತದೆ, ಹಿಂದೆ ಒತ್ತು ಮೂಡುತ್ತದೆ ಅಷ್ಟೇ. ಫೈನ್‌ಲೈನರ್ ಅಂಥ ಹಾಳೆಯ ಮೇಲೆ ಒಂದು ಕ್ಷಣ ನಿಂತರೂ ಚುಕ್ಕೆ ಹರಡುತ್ತದೆ. ಅದಕ್ಕೆ 150 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾರ್ಟ್ರಿಡ್ಜ್ ಹಾಳೆ, ಅಂದರೆ ದಪ್ಪ ಡ್ರಾಯಿಂಗ್ ಹಾಳೆ ಬೇಕು, ಬಣ್ಣವನ್ನೂ ಹಚ್ಚುವುದಾದರೆ 300.

ಫ್ರೇಮ್ ಹಾಕಿಸಿ ಗೋಡೆಗೆ ಹಾಕುವ ಆಸೆ ಇದ್ದರೆ ಮಾತ್ರ ಬಾಲ್ ಪೆನ್ ಬೇಡ. ಬೆಳಕು ಬಿದ್ದು ಬಿದ್ದು ಅದರ ನೀಲಿ ಮಂಕಾಗುತ್ತದೆ. ಮುಚ್ಚಿಟ್ಟ ಪುಸ್ತಕದೊಳಗೆ ಆ ಚಿಂತೆ ಅಷ್ಟಿಲ್ಲ.