ಬಳ್ಳಾರಿಯ ಚರ್ಚ್ ಆವರಣದ ಒಂದು ನರ್ಸರಿ

ಬಳ್ಳಾರಿಯ ಚರ್ಚೊಂದರ ಆವರಣದಲ್ಲಿ ಸಭೆಯವರೇ ನಡೆಸುತ್ತಿರುವ ಈ ನರ್ಸರಿಯಲ್ಲಿ ಅಲಂಕಾರದ ಗಿಡಗಳಿಗಿಂತ ಬೇವು, ಹೊಂಗೆ, ಹುಣಸೆ, ನೇರಳೆಯಂತಹ, ಇಲ್ಲಿನ ಬಿಸಿಲನ್ನು ತಾಳಿಕೊಳ್ಳಬಲ್ಲ ಸಸಿಗಳಿಗೇ ಆದ್ಯತೆ ನೀಡಿರುವುದು ಮೆಚ್ಚತಕ್ಕದ್ದು. ಏದೆನ್ ತೋಟವನ್ನು ಕೃಷಿ ಮಾಡಿ ಕಾಯುವ ಹೊಣೆಯನ್ನು ದೇವರು ಮನುಷ್ಯನಿಗೆ ಒಪ್ಪಿಸಿದನೆಂಬ, ಬೈಬಲಿನ ಆದಿಕಾಂಡದ ಎರಡನೆಯ ಅಧ್ಯಾಯದ ಮಾತು ಫಲಕದ ಮೇಲಿದೆಯಾದರೂ, ಕೊಳ್ಳಲು ಬಂದವರಿಗೆ ಯಾರೂ ಉಪದೇಶ ಮಾಡುವುದಿಲ್ಲ. ಅನ್ಯಧರ್ಮೀಯನಾದ ನನಗೆ ಆ ಸೌಜನ್ಯ ಹಿಡಿಸಿತು.

ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಜಗತ್ತಿನ ಹಲವು ಕ್ರೈಸ್ತ ಸಭೆಗಳು ಸೃಷ್ಟಿಯ ಪಾಲನೆಗೆಂದು ಮೀಸಲಿಡುವ ಅವಧಿಯಲ್ಲಿ ಇಲ್ಲಿ ಬೆಲೆ ಇಳಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದೂ ಆ ದಿನಗಳಲ್ಲೇ ಆದ್ದರಿಂದ, ಆಗ ನೆಟ್ಟ ಸಸಿಗೆ ನೀರು ಹೊರುವ ಶ್ರಮ ಬಹಳಷ್ಟು ತಪ್ಪುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ತಡೆಯಬೇಕಾಗಿ ಬಂದ ಜಿಲ್ಲೆಗೆ ಇಂತಹ ಅಂಗಡಿ ಇನ್ನೂ ನಾಲ್ಕು ಬೇಕು.

ಕೊರತೆಯೆಂದರೆ, ಸಸಿಗಳೆಲ್ಲ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿವೆ. ಫಲಕದ ಮಾತಿಗೆ ಇದು ಹೊಂದುವುದಿಲ್ಲ. ಹುಣಸೆಯಂತಹ ತಾಯಿಬೇರಿನ ಗಿಡ ಬಹುಕಾಲ ಚೀಲದಲ್ಲೇ ಉಳಿದರೆ ಬೇರು ಸುತ್ತಿಕೊಳ್ಳುವುದರಿಂದ, ಚಿಕ್ಕ ಸಸಿಯನ್ನೇ ಕೇಳಿ ಪಡೆಯುವುದು ಲೇಸು. ಭಾನುವಾರ ಆರಾಧನೆ ಮುಗಿಯುವವರೆಗೆ ವ್ಯಾಪಾರವಿರುವುದಿಲ್ಲ.