ಕಳ್ಳಿ ಗಿಡ ಬಾಡಿದ ಹಾಗೆ ಕಂಡರೆ ತಕ್ಷಣ ನೀರು ಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ, ಗಿಡ ಸಾಯಿಸಿದ್ದು ನಾನೇ. ನೀರು ಹಾಕೋದು ಮರೆತು ಅಲ್ಲ. ನೆನಪಿಟ್ಟುಕೊಂಡು ಹಾಕಿ ಹಾಕಿ.

ಕಳೆದ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ನಮ್ಮ ಮನೆ ಹತ್ತಿರದ ರಸ್ತೆ ಬದಿ ನರ್ಸರಿಯಲ್ಲಿ ಮೂರು ಕಳ್ಳಿ ತಗೊಂಡೆ. ಒಂದು ಗೋಲ್ಡನ್ ಬ್ಯಾರೆಲ್. ಮೂಸಂಬಿ ಗಾತ್ರ, ಹಳದಿ ಮುಳ್ಳು. ಇನ್ನೊಂದು ಮ್ಯಾಮಿಲೇರಿಯಾ, ಮೈ ತುಂಬಾ ಬಿಳಿ ಮುಳ್ಳಿನ ಪುಟ್ಟ ಗಿಡ. ಮೂರನೆಯದು ಹಸಿರು ಕಾಂಡದ ಮೇಲೆ ಕೆಂಪು ಉಂಡೆ ಕೂರಿಸಿದ ಮೂನ್ ಕ್ಯಾಕ್ಟಸ್. ಮೂರೂ ಬಿಳಿ ಸೆರಾಮಿಕ್ ಕುಂಡದಲ್ಲಿದ್ದವು, ಮೇಲೆ ಬಿಳಿ ಕಲ್ಲು ಜೋಡಿಸಿದ್ದರು. ನೋಡೋಕೆ ಎಷ್ಟು ಚೆಂದ ಇತ್ತು ಅಂದರೆ ಚೌಕಾಸಿ ಮಾಡೋದೇ ಮರೆತೆ.

"ನೀರು ಎಷ್ಟು ಹಾಕಬೇಕಣ್ಣ?" ಅಂತ ಕೇಳಿದೆ.

"ವಾರಕ್ಕೆರಡು ಸಲ ಅರ್ಧ ಲೋಟ ಹಾಕಿ ಮೇಡಂ. ಮನೆ ಒಳಗೇ ಇಟ್ಕೊಳ್ಳಿ, ಏನೂ ಆಗಲ್ಲ."

ಮೇ ತನಕ ನಿಜವಾಗಿಯೂ ಏನೂ ಆಗಲಿಲ್ಲ. ಬಿಸಿಲಿಗೆ ಹಾಕಿದ ನೀರು ಹೇಗೋ ಆರುತ್ತಿತ್ತು. ಜೂನಿನಲ್ಲಿ ಮಳೆ ಹಿಡಿಯಿತು. ಮೋಡ, ತಂಡಿ, ಒಣಹಾಕಿದ ಬಟ್ಟೆ ಎರಡು ದಿನವಾದರೂ ಒಣಗದ ಹವೆ. ನಾನು ಮಾತ್ರ ಬುಧವಾರ, ಭಾನುವಾರ ತಪ್ಪದೆ ಅರ್ಧ ಲೋಟ ಹಾಕುತ್ತಲೇ ಹೋದೆ. ಜುಲೈನಲ್ಲಿ ಮೂನ್ ಕ್ಯಾಕ್ಟಸ್ಸಿನ ಹಸಿರು ಕಾಂಡ ಬೇಯಿಸಿದ ಬದನೆಕಾಯಿ ಹಾಗೆ ಮೆತ್ತಗಾಗಿ ಕೆಂಪು ಉಂಡೆ ಪಕ್ಕಕ್ಕೆ ಬಿತ್ತು. ಕಸಿ ಗಿಡ, ಆಯಸ್ಸೇ ಅಷ್ಟು ಅಂದುಕೊಂಡು ಸುಮ್ಮನಾದೆ. ಅವತ್ತೇ ಉಳಿದ ಎರಡನ್ನೂ ನೋಡಬೇಕಿತ್ತು.

ಆಗಸ್ಟಿನಲ್ಲಿ ಊರಿಗೆ ಹೋಗಿ ಎಂಟು ದಿನ ಬಿಟ್ಟು ಬಂದೆ. ಗೋಲ್ಡನ್ ಬ್ಯಾರೆಲ್ ಸೊರಗಿತ್ತು. ಅದರ ಏಣುಗಳ ನಡುವಿನ ಭಾಗ ಒಳಕ್ಕೆ ಎಳೆದುಕೊಂಡಿತ್ತು, ಹಸಿರು ಮಾಸಿತ್ತು. ಅಯ್ಯೋ ಪಾಪ, ಬಾಯಾರಿದೆ ಅಂತ ಒಂದು ಲೋಟ ತುಂಬಾ ನೀರು ಹಾಕಿದೆ. ನಾನು ಮಾಡಿದ ಎಲ್ಲ ತಪ್ಪುಗಳಲ್ಲಿ ದೊಡ್ಡದು ಇದು. ಈ ಬರಹ ಬರೆಯುತ್ತಿರೋದೂ ಇದೊಂದಕ್ಕಾಗಿಯೇ.

ಬೇರು ಕೊಳೆತರೆ ಗಿಡ ನೀರು ಕುಡಿಯೋದು ಯಾವುದರಿಂದ? ಸುತ್ತ ನೀರು ನಿಂತಿದ್ದರೂ ಒಳಗೆ ಒಂದು ಹನಿ ಹೋಗಲ್ಲ. ಹಾಗಾಗಿ ಬೇರು ಕೊಳೆತ ಕಳ್ಳಿ ದೂರದಿಂದ ನೋಡಿದರೆ ಬಾಯಾರಿದ ಕಳ್ಳಿ ಹಾಗೇ ಕಾಣುತ್ತದೆ. ನಾವು ಮತ್ತೆ ನೀರು ಹಾಕುತ್ತೇವೆ, ಅದು ಇನ್ನೂ ಕೊಳೆಯುತ್ತದೆ. ಎರಡಕ್ಕೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ನಿಜಕ್ಕೂ ಬಾಯಾರಿದ್ದರೆ ಮೈ ಸುಕ್ಕಾದರೂ ಬುಡ ಗಟ್ಟಿ ಇರುತ್ತದೆ, ಕುಂಡ ಎತ್ತಿದರೆ ಹಗುರ, ಮಣ್ಣು ಆಳದ ತನಕ ಒಣಗಿರುತ್ತದೆ. ಬೇರು ಹೋಗಿದ್ದರೆ ಮಣ್ಣು ಒದ್ದೆ, ಕುಂಡ ಭಾರ, ಗಿಡ ಮಾತ್ರ ಸುಕ್ಕು. ಒಂದು ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಬುಡದಲ್ಲಿ ಹಳದಿ ಅಥವಾ ಕಂದು ಬಣ್ಣ ಕಂಡರಂತೂ ಅನುಮಾನವೇ ಬೇಡ.

ಎರಡು ದಿನ ಬಿಟ್ಟು ನೋಡಿದರೆ ಗಿಡ ಒಂದು ಕಡೆ ವಾಲಿತ್ತು. ಚಮಚದ ಹಿಡಿಯಿಂದ ಬುಡ ಒತ್ತಿದೆ, ಒಳಗೆ ಇಳಿಯಿತು. ನಮ್ಮತ್ತೆ ಬಂದು ನೋಡಿ, "ಏನೇ ಇದು, ಕಳ್ಳಿ ಗಿಡಾನೂ ಸಾಯಿಸಿದ್ಯಲ್ಲ! ನಮ್ಮೂರಲ್ಲಿ ಡಬ್ಗಳ್ಳಿ ತುಂಡು ಬೇಲಿ ಮೇಲೆ ಎಸೆದ್ರೂ ಬದುಕುತ್ತೆ" ಅಂದರು. (ಗೋಲ್ಡನ್ ಬ್ಯಾರೆಲ್‌ಗೆ ಇಂಗ್ಲಿಷಿನಲ್ಲಿ ಅತ್ತೆಯ ದಿಂಬು ಅನ್ನೋ ಅಡ್ಡಹೆಸರಿದೆ. ಅವತ್ತು ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.) ಅವರು ಹೇಳಿದ್ದು ಸರಿಯೇ. ಬೇಲಿ ಮೇಲೆ ಬಿಸಿಲು, ಗಾಳಿ ಎರಡೂ ಇದೆ. ಬಿದ್ದ ಮಳೆ ನಿಲ್ಲದೆ ಇಳಿದುಹೋಗುತ್ತದೆ. ನನ್ನ ಗಿಡ ಕೂತಿದ್ದು ಟಿವಿ ಪಕ್ಕದ ಒಂದು ಬಟ್ಟಲಲ್ಲಿ.

ಬಟ್ಟಲು ಅಂತ ಬೇಕೆಂದೇ ಹೇಳಿದೆ. ಕುಂಡ ಮಗುಚಲು ಹೋದಾಗ ಮೊದಲು ಗೊತ್ತಾಗಿದ್ದು ಆ ಬಿಳಿ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿದ್ದಾರೆ ಅನ್ನೋದು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಚಿಕ್ಕಿ ತುಂಡಿನ ಹಾಗೆ ಬಿಲ್ಲೆಯಾಗಿ ಬಂತು. ಕೆಳಗಿನ ಮಣ್ಣು ಒಣಗಿದೆಯೋ ಇಲ್ಲವೋ ನೋಡೋಕೂ ಆಗದ ಹಾಗೆ ಮುಚ್ಚಳ! ಆರು ತಿಂಗಳು ನಾನು ಕಲ್ಲಿಗೆ ನೀರು ಹಾಕಿ, ಅದು ಅಂಚಿನಿಂದ ಇಳಿಯೋದನ್ನು ನೋಡಿ ಖುಷಿಪಟ್ಟಿದ್ದೆ. ಕುಂಡದ ತಳದಲ್ಲಿ ತೂತೇ ಇರಲಿಲ್ಲ. ಒಳಗೆ ಇದ್ದದ್ದು ಮಣ್ಣೂ ಅಲ್ಲ, ಪೂರ್ತಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಹಿಂಡಿದರೆ ಸ್ಪಂಜಿನಿಂದ ಬಂದ ಹಾಗೆ ಕಂದು ನೀರು ಬಂತು. ಬೇರಿನ ಸುತ್ತ ನರ್ಸರಿಯಲ್ಲಿ ಸಸಿ ಎಬ್ಬಿಸುವಾಗ ಹಾಕಿದ ಸಣ್ಣ ಬಲೆ ಹಾಗೇ ಇತ್ತು. ವಾಸನೆ, ಗೋಣಿಚೀಲದ ತಳದಲ್ಲಿ ಕೊಳೆತ ಆಲೂಗಡ್ಡೆಯದು. ಒಂದು ಬೇರು ಹಿಡಿದು ಎಳೆದೆ. ಸಿಪ್ಪೆ ಲೋಳೆಯಾಗಿ ಬೆರಳಿಗೆ ಬಂತು, ನಡುವಿನ ದಾರ ಮಾತ್ರ ಉಳಿಯಿತು. ಆರೋಗ್ಯವಾದ ಬೇರು ಬಿಳಿ ಅಥವಾ ತಿಳಿ ಕಂದು ಬಣ್ಣದ್ದು, ಎಳೆದರೆ ಹೀಗೆ ಕಳಚಿ ಬರಲ್ಲ.

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಸಂದಿಯಲ್ಲಿರುವ ಗಾಳಿಯ ಜಾಗದಲ್ಲಿ ನೀರು ನಿಂತರೆ ಮೊದಲು ಬೇರು ಉಸಿರುಗಟ್ಟಿ ಸೋಲುತ್ತದೆ. ಆಮೇಲೆ ಪಿಥಿಯಂ, ಫೈಟಾಫ್ತೊರಾ, ಫ್ಯೂಸೇರಿಯಂ ತರಹದ, ಬೇರು ಕೊಳೆಸುವ ಸೂಕ್ಷ್ಮಜೀವಿಗಳು ನುಗ್ಗುತ್ತವೆ, ಬ್ಯಾಕ್ಟೀರಿಯಾವೂ ಸೇರಿಕೊಳ್ಳುತ್ತದೆ. ಗೋಲ್ಡನ್ ಬ್ಯಾರೆಲ್ ಮೆಕ್ಸಿಕೋದ ಒಣ ಬೆಟ್ಟದ ಇಳಿಜಾರಿನ ಗಿಡ. ಅದನ್ನು ತೂತಿಲ್ಲದ ಬಟ್ಟಲಲ್ಲಿ ಒದ್ದೆ ನಾರಿನ ಪುಡಿ ಮೇಲೆ ಕೂರಿಸಿ, ಬಿಸಿಲೂ ಕೊಡದೆ ಇಟ್ಟರೆ ಇನ್ನೇನಾಗುತ್ತೆ?

ಉಳಿಸೋ ಪ್ರಯತ್ನದಲ್ಲೂ ನಾನು ಎಡವಿದೆ. ಬುಡದ ಮೆತ್ತಗಿನ ಭಾಗ ಮಾತ್ರ ಕತ್ತರಿಸಿದೆ. ಕತ್ತರಿಸಿದ ಕಡೆ ನಡುವೆ ಎಂಟಾಣೆ ಅಗಲದ ಕಂದು ಉಂಗುರ ಕಾಣುತ್ತಿತ್ತು. ಇನ್ನೂ ಕತ್ತರಿಸಿದರೆ ಗಿಡವೇ ಉಳಿಯಲ್ಲ ಅನ್ನಿಸಿ ಅರಿಶಿನ ಮೆತ್ತಿ, ಮಾರನೇ ದಿನವೇ ಹೊಸ ಮಣ್ಣಿಗೆ ಹಾಕಿ, ಮಣ್ಣು ಕೂರಲಿ ಅಂತ ನೀರನ್ನೂ ಹಾಕಿದೆ. ಐದೇ ದಿನ. ಆ ಉಂಗುರ ಅಂದರೆ ಕೊಳೆಯೋದು ಗಿಡದೊಳಗೆ ನೀರು ಸಾಗಿಸುವ ನಾಳದ ದಾರಿಯಲ್ಲಿ ಮೇಲಕ್ಕೆ ಏರಿದೆ ಅಂತ. ಅದು ತಲೆ ತನಕ ಹೋಗಿತ್ತು.

ಅದೇ ವಾರ ಮ್ಯಾಮಿಲೇರಿಯಾ ತೆಗೆದು ನೋಡಿದೆ. ಹೊರಗಿನಿಂದ ಚೆನ್ನಾಗೇ ಇತ್ತು, ಬೇರು ಮುಕ್ಕಾಲು ಪಾಲು ಕಪ್ಪು. ಈ ಸಲ ಕರುಣೆ ತೋರಿಸಲಿಲ್ಲ. ನ್ಯೂಸ್‌ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿ ತರಹ ಗಿಡಕ್ಕೆ ಸುತ್ತಿ ಹಿಡಿದುಕೊಂಡೆ. ಗ್ಲೌಸ್‌ಗಿಂತ ಇದೇ ವಾಸಿ, ಮುಳ್ಳೂ ಮುರಿಯಲ್ಲ. ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಂದು ಸಲ ಕತ್ತರಿಸಿದೆ. ನಡುವೆ ಕಿತ್ತಳೆ ಬಣ್ಣದ ಚುಕ್ಕಿ. ಮತ್ತೆ ಒರೆಸಿ, ಮತ್ತೆ ದೋಸೆ ದಪ್ಪದ ಒಂದು ಹೋಳು. ಇನ್ನೂ ಚುಕ್ಕಿ. ನಾಲ್ಕನೇ ಹೋಳಿಗೆ ಪೂರ್ತಿ ತಿಳಿ ಹಸಿರು ಬಂತು, ಎಲ್ಲೂ ಕಲೆಯಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಪ್ರತಿ ಸಲ ಚಾಕು ಒರೆಸದಿದ್ದರೆ ಕೊಳೆತವನ್ನು ನಾವೇ ಮೇಲಕ್ಕೆ ಬಳಿದ ಹಾಗೆ. ಅಂಚನ್ನು ಪೆನ್ಸಿಲ್ ಜೀವಿದ ಹಾಗೆ ಸುತ್ತ ಸ್ವಲ್ಪ ಓರೆ ಮಾಡಿದೆ, ಇಲ್ಲದಿದ್ದರೆ ಒಣಗುವಾಗ ನಡುಭಾಗ ಒಳಕ್ಕೆ ಗುಳಿ ಬೀಳುತ್ತದೆ. ಗಂಧಕದ ಪುಡಿ ಉದುರಿಸಿದೆ. ಕೆಲವರು ಚಕ್ಕೆ ಪುಡಿ ಹಾಕುತ್ತಾರೆ, ಕೆಲವರು ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಸೇರಿದ, ಶಿಲೀಂಧ್ರ ಕೊಲ್ಲುವ ಔಷಧಿ ಬಳಸುತ್ತಾರೆ. ಅದು ವಿಷ, ಬಳಸೋದಾದರೆ ಗ್ಲೌಸ್ ಹಾಕಿಕೊಂಡು, ಪೊಟ್ಟಣದ ಮೇಲೆ ಬರೆದ ಪ್ರಮಾಣ ನೋಡಿಕೊಂಡೇ ಬಳಸಿ. ನನ್ನ ಕೇಳಿದರೆ ಗಿಡ ಉಳಿಸೋದು ಚಾಕು, ಪುಡಿಯಲ್ಲ. ಕಂದು ಚುಕ್ಕಿ ಉಳಿದಿದ್ದರೆ ಯಾವ ಪುಡಿಯೂ ಕೈ ಹಿಡಿಯಲ್ಲ.

ಆಮೇಲೆ ಕಾಯಬೇಕು. ನೆರಳಿರುವ, ಗಾಳಿಯಾಡುವ ಕಿಟಕಿ ಹತ್ತಿರ ಖಾಲಿ ಲೋಟದ ಬಾಯಿ ಮೇಲೆ ಕೂರಿಸಿಟ್ಟೆ. ಮಳೆಗಾಲ ಅಲ್ವಾ, ಗಾಯ ಒಣಗಿ ಚರ್ಮದ ಹಾಗೆ ಗಟ್ಟಿಯಾಗೋಕೆ ಎರಡು ವಾರದ ಮೇಲೆ ಹಿಡಿಯಿತು. ಒಣ ಮಣ್ಣಿನ ಮೇಲೆ ಸುಮ್ನೆ ಕೂರಿಸಿದೆ, ನೀರಿಲ್ಲ. ಅಕ್ಟೋಬರಿನಲ್ಲಿ ಎತ್ತಿ ನೋಡಿದರೆ ಅಕ್ಕಿಕಾಳಿನಷ್ಟು ಉದ್ದದ ಮೂರು ಬಿಳಿ ಬೇರು! ಆಗ ಒಂದೆರಡು ಚಮಚ ನೀರು ಕೊಟ್ಟೆ. ಹಳೇ ಕೋಕೋಪೀಟನ್ನು ಬೇರೆ ಯಾವ ಕುಂಡಕ್ಕೂ ಸುರಿಯಲಿಲ್ಲ, ಕಟ್ಟಿ ಕಸಕ್ಕೆ ಹಾಕಿದೆ.

ಈಗ ನಾನು ಹಾಕೋ ಮಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲೇ. ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು, ದಪ್ಪ ಮರಳು, ಉಳಿದದ್ದು ಕೆಂಪು ಮಣ್ಣು, ಮೇಲೆ ಒಂದು ಹಿಡಿ ಎರೆಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಹಾಕೋದಾದರೆ ಜರಡಿ ಹಿಡಿದು ತೊಳೆಯಿರಿ. ಅದರ ನುಣ್ಣನೆ ಪುಡಿ ಸೇರಿದರೆ ಸಿಮೆಂಟಿನ ಹಾಗೆ ಕೂರುತ್ತದೆ. ಕುಂಡ ಮಣ್ಣಿನದು, ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಕುಂಡಕ್ಕೆ ಕೆಳಗೆ ಒಂದು ಪದರ ಜಲ್ಲಿ ಹಾಕಿದರೆ ಸಾಕು ಅಂತ ಹೇಳೋರಿದ್ದಾರೆ, ನಂಬಬೇಡಿ. ಜಲ್ಲಿಯ ಮೇಲಿನ ಮಣ್ಣು ತಾನು ಪೂರ್ತಿ ನೆನೆಯುವ ತನಕ ನೀರನ್ನು ಕೆಳಗೆ ಬಿಡಲ್ಲ. ಒದ್ದೆ ಜಾಗ ಬೇರಿಗೆ ಇನ್ನೂ ಹತ್ತಿರ ಬರುತ್ತದೆ, ಅಷ್ಟೇ.

ನೀರಿಗೆ ವಾರ, ತಾರೀಕು ಬಿಟ್ಟೆ. ಉರಿದು ಉಳಿದ ಊದುಬತ್ತಿ ಕಡ್ಡಿ ನಮ್ಮನೆಯಲ್ಲಿ ಬೇಕಾದಷ್ಟಿವೆ. ಎರಡು ಮೂರನ್ನು ಸಣ್ಣ ಕುಂಡದ ತಳ ಮುಟ್ಟುವ ಹಾಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ಇಟ್ಟು ನೋಡುತ್ತೇನೆ. ತಣ್ಣಗಿದ್ದರೆ, ಮಣ್ಣು ಅಂಟಿದ್ದರೆ ನೀರಿಲ್ಲ. ಒಣಗಿದ್ದರೆ ಮಾತ್ರ ತಳದಿಂದ ಸುರಿಯೋ ತನಕ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಬೇಸಿಗೆಯಲ್ಲಿ ಇದು ಹತ್ತು ದಿನಕ್ಕೊಮ್ಮೆ ಆಗಬಹುದು, ಮೋಡದ ಜುಲೈನಲ್ಲಿ ತಿಂಗಳಿಗೊಮ್ಮೆಯೂ ಬೇಕಾಗಲಿಕ್ಕಿಲ್ಲ.

ಹೊಸ ಗಿಡ ತಂದವರು ಇವತ್ತೇ ಕಲ್ಲನ್ನು ಉಗುರಿನಿಂದ ಎಬ್ಬಿಸಿ ನೋಡಿ, ಅಂಟು ಇದ್ದರೆ ಕಿತ್ತುಹಾಕಿ. ಕುಂಡ ಎತ್ತಿ ತಳ ನೋಡಿ. ಬೇರಿನ ಸುತ್ತ ಬಲೆ ಇದ್ದರೆ ಕತ್ತರಿಯಿಂದ ಮೆಲ್ಲಗೆ ಬಿಡಿಸಿ. ಮಳೆಗಾಲ ಮುಗಿಯಲಿ ಅಂತ ಕಾಯಬೇಡಿ.

ಮೊನ್ನೆ ಅದೇ ನರ್ಸರಿ ಮುಂದೆ ಹೋದೆ. ಬಿಳಿ ಕುಂಡಗಳು ಸಾಲಾಗಿ ಕೂತಿದ್ದವು. ಕಾಲೇಜು ಹುಡುಗಿಯೊಬ್ಬಳು ಒಂದನ್ನು ಕೈಗೆತ್ತಿಕೊಂಡಿದ್ದಳು. "ತಿರುಗಿಸಿ ತಳ ನೋಡಮ್ಮ" ಅಂದೆ. ಅವಳು ನೋಡಿದಳು. ಅಂಗಡಿಯವರು ನನ್ನನ್ನು ನೋಡಿದರು.